ಗೋಡೆಯಾಚೆಯ ಕೋಳಿ ಸಾರು

ಈ ಪ್ರಕರಣದ ಒಂದು ಭಾಗ ನಿಜವಾಗಿ ನಡೆಯಿತೋ, ಇಲ್ಲ ಆಮೇಲೆ ನಾನೇ ಜೋಡಿಸಿಕೊಂಡೆನೋ ಎಂಬುದು ಬಹಳ ವರ್ಷ ನನಗೆ ಖಚಿತವಿರಲಿಲ್ಲ. ಮಿಷಿಗನ್ನಿನ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ ರಾಮೆನ್, ಅಂದರೆ ಸಾರಿನಲ್ಲಿ ಮುಳುಗಿಸಿದ ಜಪಾನಿ ನೂಡಲ್ಸ್, ಮಾರುವ ಅಂಗಡಿಯೊಂದರ ಮೂಲೆಯ ಮೇಜಿನಲ್ಲಿ, ನನಗೆ ಪರಿಚಯವಿದ್ದ ಸಸ್ಯಾಹಾರಿಯೊಬ್ಬರು ಸ್ಟೀಲ್ ಲೋಟದಿಂದ ಕೋಳಿ ಸಾರು ಕುಡಿಯುತ್ತಿದ್ದುದನ್ನು ಕಂಡೆ ಎಂದು ನನ್ನ ನೆನಪು ಹೇಳುತ್ತದೆ. ಅವರು ಇಲ್ಲ ಎನ್ನುತ್ತಾರೆ. ಎಂಜಿನಿಯರಿಂಗ್ ಓದಿದವನಾದ್ದರಿಂದ ಬೇರೆಯವರ ಮಾತನ್ನು ಅನುಮಾನಿಸುವುದು ನನಗೆ ಅಭ್ಯಾಸ. ನನ್ನ ನೆನಪಿಗೆ ಮಾತ್ರ ವಿನಾಯಿತಿ ಕೊಡಲು ಕಾರಣ ಕಾಣಲಿಲ್ಲ.

ಅದು 2009ರ ಚಳಿಗಾಲ. ಅದಕ್ಕೆ ಮೊದಲು ನಾನು ಸ್ಟರ್ಲಿಂಗ್ ಹೈಟ್ಸ್‌ನಲ್ಲಿ ಕಾರುಗಳಿಗೆ ಬಣ್ಣ ಹಚ್ಚುವ ವಿಭಾಗದ ಗಾಳಿಯ ಹರಿವನ್ನು ನೋಡಿಕೊಳ್ಳುವ ಎಂಜಿನಿಯರ್ ಆಗಿದ್ದೆ. ರಿಸೆಷನ್ ಬಂತು; ನಮ್ಮ ವಿಭಾಗವನ್ನೇ ಮುಚ್ಚಿದರು. ಪರಿಚಯದವರೊಬ್ಬರು ನಡೆಸುತ್ತಿದ್ದ ಸಣ್ಣ ಕಂಪನಿಯಲ್ಲಿ ಕಟ್ಟಡಗಳ ಒಳಗಿನ ಗಾಳಿಯನ್ನು ಪರೀಕ್ಷಿಸುವ ಕೆಲಸಕ್ಕೆ ಸೇರಿದೆ. ಬೂಷ್ಟು, ತೇವ, ವಾಸನೆ, ಇವೇ ನನ್ನ ಹೊಸ ವಿಷಯಗಳು. ಗಾಳಿ ಎಲ್ಲಿಯೂ ಗಾಳಿಯೇ ಎಂದು ಹೆಂಡತಿಗೆ ಹೇಳಿ ಸಮಾಧಾನ ಮಾಡಿದ್ದೆ. ನನಗೇನೂ ಸಮಾಧಾನವಿರಲಿಲ್ಲ.

ಒಂದು ಸ್ಟ್ರಿಪ್ ಮಾಲ್‌ನ ಮಾಲೀಕರಿಂದ ಕರೆ ಬಂತು. ಒಂದೇ ಸೂರಿನಡಿ ಸಾಲಾಗಿ ಮೂರು ಅಂಗಡಿಗಳು. ಒಂದು ತುದಿಯಲ್ಲಿ ಇಶಿದಾ ಎಂಬವರ ರಾಮೆನ್ ಅಂಗಡಿ; ಗಟ್ಟಿಯಾದ ಕೋಳಿ ಸಾರಿಗೆ ಹೆಸರುವಾಸಿ, ಹಿಮ ಬೀಳುವಾಗಲೂ ಹೊರಗೆ ಜನ ಸಾಲು ನಿಲ್ಲುತ್ತಿದ್ದರು. ಇನ್ನೊಂದು ತುದಿಯಲ್ಲಿ ಜಯಶ್ರೀ ಎಂಬವರು ನಡೆಸುತ್ತಿದ್ದ ಕರ್ನಾಟಕ ಸಂಗೀತದ ಕ್ಲಾಸು. ನಡುವಿನದು ಹೇರ್ ಸಲೂನ್ ಆಗಿದ್ದು, ಬೇಸಿಗೆಯಲ್ಲೇ ಮುಚ್ಚಿ, ಗಾಜಿಗೆ ಕಂದು ಕಾಗದ ಅಂಟಿಸಿಕೊಂಡು ಖಾಲಿ ಬಿದ್ದಿತ್ತು. ಸಂಗೀತದ ಕ್ಲಾಸಿಗೆ ಕೋಳಿಯ ವಾಸನೆ ನುಗ್ಗುತ್ತಿದೆ ಎಂದು ಪೋಷಕರ ದೂರು. ರಾಮೆನ್ ಅಂಗಡಿಯ ಎಕ್ಸಾಸ್ಟ್, ಅಂದರೆ ಅಡುಗೆಮನೆಯ ಹೊಗೆಯನ್ನು ಹೊರಗೆ ಎಳೆಯುವ ವ್ಯವಸ್ಥೆ, ಕೆಟ್ಟಿದೆ ಎಂದು ನಾನು ವರದಿ ಕೊಟ್ಟರೆ ಇಶಿದಾ ಅದನ್ನು ಪೂರ್ತಿ ಬದಲಾಯಿಸಬೇಕು, ಇಲ್ಲವೇ ಅಂಗಡಿ ಖಾಲಿ ಮಾಡಬೇಕು. ಆ ವರ್ಷ ಯಾವ ಬ್ಯಾಂಕೂ ಹೋಟೆಲಿನವರಿಗೆ ಸಾಲ ಕೊಡುತ್ತಿರಲಿಲ್ಲ. ಹಾಗಾಗಿ ಎರಡಕ್ಕೂ ಅರ್ಥ ಒಂದೇ.

ಒಂದು ಶನಿವಾರ ಮಧ್ಯಾಹ್ನ ಮೊದಲು ಕ್ಲಾಸಿಗೆ ಹೋದೆ. ಜಯಶ್ರೀ ಮೈಸೂರಿನವರು, ಅವರದೂ ಅವರ ಗಂಡನದೂ ಕನ್ನಡ ಕೂಟದಲ್ಲಿ ಮುಖಪರಿಚಯವಿತ್ತು.

"ಅಯ್ಯೋ, ನಮ್ಮೋರೇ ಬಂದ್ರಲ್ಲ, ಸದ್ಯ!" ಎಂದರು. "ಬೇರೆ ಯಾರನ್ನಾದ್ರೂ ಕಳಿಸಿದ್ರೆ ‘ನೈಸ್ ಸ್ಮೆಲ್’ ಅಂದು ಹೋಗ್ಬಿಡೋರು. ಮೂಸಿ ನೋಡಿ ನೀವೇ. ಷಡ್ಜ ಹಿಡಿಯೋಕೆ ಉಸಿರು ಎಳೆದ್ರೆ ಕೋಳಿನೇ ಒಳಗೆ ಬರುತ್ತೆ!"

ಮೂಸಿದೆ. ನಿಜಕ್ಕೂ ಸಹಿಸಲಾಗದ ವಾಸನೆ.

"ಹೌದು, ಚಿಕನ್ನೇ," ಎಂದೆ. ಹುಟ್ಟಿದಾಗಿನಿಂದ ಕೋಳಿಯನ್ನು ತಿಂದವನಲ್ಲ, ಬೇಯಿಸುವ ಮನೆಯಲ್ಲಿ ಕೂತವನೂ ಅಲ್ಲ. ಆದರೂ ಆ ಎರಡು ಪದಗಳನ್ನು ಎಷ್ಟು ಸಲೀಸಾಗಿ ಹೇಳಿದೆ ಎಂಬುದು ಇವತ್ತಿಗೂ ಸ್ಪಷ್ಟವಾಗಿ ನೆನಪಿದೆ.

ಜಯಶ್ರೀ ಬಿಸಿನೀರಿನ ಫ್ಲಾಸ್ಕ್ ತೆಗೆದು, ಚೀಲದಲ್ಲಿ ಏನನ್ನೋ ತಡಕಾಡಿದರು. "ನೋಡಿ, ಇವತ್ತೂ ಲೋಟ ಮರೆತು ಬಂದಿದೀನಿ. ಪ್ರತಿ ಶನಿವಾರ ಇದೇ ಕಥೆ. ವಯಸ್ಸಾಯ್ತು," ಎಂದು ನಕ್ಕು, ಫ್ಲಾಸ್ಕಿನ ಮುಚ್ಚಳದಲ್ಲೇ ನೀರು ಕುಡಿದರು. ಅವರನ್ನು ಡ್ರೈವ್ ಮಾಡಿಕೊಂಡು ಕರೆತರುತ್ತಿದ್ದ ಗಂಡ ಪ್ರಸಾದ್, ಕ್ಲಾಸ್ ಮುಗಿಯುವವರೆಗೆ ಲೈಬ್ರರಿಯಲ್ಲಿ ಓದುತ್ತಾ ಕೂರುತ್ತಾರೆ ಎಂದೂ ಹೇಳಿದರು.

ಅಲ್ಲಿಂದ ರಾಮೆನ್ ಅಂಗಡಿಗೆ ಹೋದೆ. ನನ್ನ ನೆನಪು ಕಲಸಿಹೋಗುವುದು ಇಲ್ಲಿಯೇ. ಬಾಗಿಲು ತೆರೆದ ಕೂಡಲೇ ಕನ್ನಡಕಕ್ಕೆ ಹಬೆ ಕವಿದು ಏನೂ ಕಾಣದಾಯಿತು. ಶುಂಠಿಯ ವಾಸನೆ, ಸುಟ್ಟ ಬೆಳ್ಳುಳ್ಳಿಯ ವಾಸನೆ, ಅದರಡಿಯಲ್ಲಿ ತುಪ್ಪ ಕಾಯಿಸಿದಂಥ ಇನ್ನೇನೋ ಒಂದು. ಅಸಹ್ಯಪಟ್ಟುಕೊಳ್ಳಲು ಸಿದ್ಧನಾಗಿ ಬಂದಿದ್ದೆ. ಅಸಹ್ಯವಾಗಲಿಲ್ಲ, ಅದರಿಂದ ಇನ್ನಷ್ಟು ಗಲಿಬಿಲಿಯಾಯಿತು. ಕನ್ನಡಕ ಒರೆಸಿಕೊಂಡು ನೋಡಿದರೆ ಮೂಲೆಯ ಮೇಜಿನಲ್ಲಿ ಪ್ರಸಾದ್. ಮುಂದೆ ಬಟ್ಟಲು, ಕೈಯಲ್ಲಿ ಸ್ಟೀಲ್ ಲೋಟ, ಲೋಟದಲ್ಲಿ ಬೆಳ್ಳಗಿನ ಸಾರು.

"ಸಾರ್, ನೀವು ನನ್ನ ನೋಡ್ಲಿಲ್ಲ," ಎಂದರು. "ನಾನು ಲೈಬ್ರರೀಲಿ ಇದೀನಿ."

"ಆಗ್ಲಿ. ಆದ್ರೆ ನಿಮ್ಮ ಕ್ಲಾಸಲ್ಲಿ ಬರೋ ವಾಸನೆ..."

"ಅದು ಇದಲ್ಲ ಸಾರ್! ನಾನು ಎರಡೂ ಕಡೆ ಕೂತಿದೀನಿ. ಅಲ್ಲಿ ಬರೋದು ಏನೋ ಕೊಳೆತ ವಾಸನೆ."

"ಹಾಗಾದ್ರೆ ಅದನ್ನ ಜಯಶ್ರೀಯವರಿಗೆ ಹೇಳಿ."

"ಹೇಗೆ ಹೇಳ್ಲಿ? ‘ನಿಮಗೆ ಹೇಗೆ ಗೊತ್ತು’ ಅಂತ ಕೇಳಿದ್ರೆ?"

ಎರಡೂ ವಾಸನೆಗಳನ್ನು ಬಲ್ಲ ಏಕೈಕ ಸಾಕ್ಷಿ, ಬಾಯಿ ಬಿಡಲಾರದ ಸಾಕ್ಷಿ. ಇಶಿದಾ ಕೌಂಟರಿನ ಹಿಂದಿನಿಂದ ನಮ್ಮಿಬ್ಬರನ್ನೂ ನೋಡುತ್ತಿದ್ದರು. ಭಾಷೆ ತಿಳಿಯದೆ, ತಮ್ಮ ಅಂಗಡಿಯ ಹಣೆಬರಹವನ್ನೇ ಮಾತಾಡುತ್ತಿದ್ದೇವೆ ಎಂದುಕೊಂಡಿರಬೇಕು. ಬಂದು ಇಂಗ್ಲಿಷಿನಲ್ಲಿ ಒಂದೇ ಮಾತು ಕೇಳಿದರು: "ನಾವು ಅಂಗಡಿ ಬಿಡಬೇಕಾದರೆ ಈಗಲೇ ಹೇಳಿಬಿಡಿ. ಕೆಲಸದವರಿಗೆ ಬೇರೆ ಕಡೆ ಹುಡುಕಲು ಸಮಯ ಬೇಕು."

ನಾನು ಸ್ಮೋಕ್ ಪೆನ್ಸಿಲ್ ಹೊತ್ತಿಸಿದೆ. ಎಳೆಯಷ್ಟು ತೆಳ್ಳಗಿನ ಹೊಗೆ ಬಿಡುವ ಕಡ್ಡಿ ಇದು. ಗಾಳಿ ಎತ್ತ ಹರಿಯುತ್ತಿದೆ ಎಂಬುದನ್ನು ಕಣ್ಣಿಗೆ ತೋರಿಸುತ್ತದೆ. ಖಾಲಿ ಸಲೂನಿನ ಕಡೆಯ ಗೋಡೆಯಲ್ಲಿ ಪೈಪು ಹಾದುಹೋಗುವ ಸಂದಿಗೆ ಹಿಡಿದೆ. ಹೊಗೆ ಸಂದಿಯೊಳಕ್ಕೆ ಹೋಗಲಿಲ್ಲ, ಅಡುಗೆಮನೆಯತ್ತ ಬಾಗಿತು. ಎಕ್ಸಾಸ್ಟ್ ಚೆನ್ನಾಗಿಯೇ ಎಳೆಯುತ್ತಿತ್ತು. ಗಾಳಿ ಸಲೂನಿನಿಂದ ಇತ್ತ ಬರುತ್ತಿತ್ತೇ ಹೊರತು ಇತ್ತಲಿಂದ ಅತ್ತ ಹೋಗುತ್ತಿರಲಿಲ್ಲ. ಕೋಳಿಯ ವಾಸನೆ ಆ ಗೋಡೆ ದಾಟುವುದು ಸಾಧ್ಯವೇ ಇರಲಿಲ್ಲ.

ಅದು ಕೋಳಿಯಲ್ಲ ಎಂದು ನನಗೆ ಮೊದಲು ತಿಳಿಸಿದ್ದು ಹೊಗೆಯೋ, ಪ್ರಸಾದರ ಮಾತೋ? ನನ್ನ ವರದಿಯಲ್ಲಿ ಹೊಗೆ ಮಾತ್ರ ಇದೆ. ಪ್ರಸಾದರನ್ನು ಬರೆಯುವಂತಿರಲಿಲ್ಲವಲ್ಲ.

ಮಾಲೀಕರ ಕಡೆಯವರಿಂದ ಸಲೂನಿನ ಬೀಗ ತೆಗೆಸಿದೆ. ಒಳಗಿನ ವಾಸನೆಗೆ ಕಣ್ಣಲ್ಲಿ ನೀರು ಬಂತು. ನೆಲದಲ್ಲಿ ಒಂದು ಡ್ರೈನ್ ಇತ್ತು. ಡ್ರೈನಿನ ಕೆಳಗೆ ಪೈಪು ಬಾಗಿರುತ್ತದೆ. ಆ ಬಾಗಿನಲ್ಲಿ ನಿಂತ ನೀರೇ ಚರಂಡಿಯ ಗಾಳಿ ಮೇಲೆ ಬಾರದಂತೆ ತಡೆಯುವ ಮುಚ್ಚಳ. ಅಂಗಡಿ ಮುಚ್ಚಿದ ಮೇಲೆ ನಲ್ಲಿ ತಿರುಗಿಸುವವರಿಲ್ಲ. ಹೀಟರಿನ ಒಣಗಾಳಿಗೆ ಆ ನೀರು ಆರಿಹೋಗಿತ್ತು. ಚರಂಡಿಯ ಗಾಳಿ ಮೇಲೆದ್ದು, ಚಾವಣಿಯ ಮೇಲಿನ ಖಾಲಿ ಜಾಗದಿಂದ ಸಂಗೀತದ ಕ್ಲಾಸಿಗೆ ಇಳಿಯುತ್ತಿತ್ತು. ರಾಮೆನ್ ಅಂಗಡಿಯತ್ತ ಬಂದಷ್ಟನ್ನು ಎಕ್ಸಾಸ್ಟ್ ನೇರ ಹೊರಗೆ ತಳ್ಳುತ್ತಿತ್ತು. ಒಂದು ಬಕೆಟ್ ನೀರು ಸುರಿದೆ. ದುರಸ್ತಿ ಅಷ್ಟೇ.

ಮುಂದಿನ ಶನಿವಾರ ಜಯಶ್ರೀ ಫೋನ್ ಮಾಡಿದರು. "ವಾಸನೆ ಪೂರ್ತಿ ಹೋಯ್ತು. ಪಾಪ, ಆ ಇಶಿದಾನ ಎಷ್ಟು ಬೈಕೊಂಡಿದ್ದೆ! ಅಂದ್ರೆ ಇಷ್ಟು ದಿನ ಚರಂಡೀನ ಕೋಳಿ ಅಂದ್ಕೊಂಡಿದ್ವಾ?" ಆಮೇಲೆ ಅವರೇ ಹೋಗಿ ಇಶಿದಾಗೆ ಕೋಡುಬಳೆ ಕೊಟ್ಟು ಬಂದರಂತೆ. ಇಶಿದಾರ ಅಂಗಡಿ ಉಳಿಯಿತು.

ಯುಗಾದಿಯ ಊಟಕ್ಕೆ ಒಬ್ಬರ ಮನೆಯಲ್ಲಿ ಎಲ್ಲರೂ ಸೇರಿದಾಗ ಈ ಕಥೆಯನ್ನು ಜಯಶ್ರೀಯವರೇ ಎಲ್ಲರಿಗೂ ಹೇಳಿ ನಗಿಸಿದರು. ಪ್ರಸಾದ್ ಎಲ್ಲರಿಗಿಂತ ಜೋರಾಗಿ ನಕ್ಕರು. ಕೈ ತೊಳೆಯಲು ಗ್ಯಾರೇಜಿನ ಕಡೆ ಇಬ್ಬರೇ ಹೋದಾಗ ನಾನು ಮೆಲ್ಲಗೆ ಕೇಳಿದೆ: "ಈಗ್ಲೂ ಲೈಬ್ರರಿಗೆ ಹೋಗ್ತೀರಾ?"

"ಯಾವಾಗ್ಲೂ ಹೋಗ್ತೀನಲ್ಲ ಸಾರ್."

"ಅಲ್ಲ, ಅವತ್ತು ರಾಮೆನ್ ಶಾಪಲ್ಲಿ..."

"ನಾನಾ? ಸಾರ್, ನಾನು ಮೊಟ್ಟೆ ಹಾಕಿದ ಕೇಕೂ ಮುಟ್ಟಲ್ಲ. ನೀವು ಅವತ್ತು ಟೆನ್ಷನ್‌ನಲ್ಲಿದ್ರಿ. ಯಾರೋ ನನ್ನ ಥರದೋರನ್ನ ನೋಡಿರ್ಬೇಕು."

ಅವರ ಕಣ್ಣಿನಲ್ಲಿ ನಗುವಿನ ಒಂದು ಎಳೆಯೂ ಇಲ್ಲ. ಹಬೆ ಕವಿದ ಕನ್ನಡಕ, ಕೆಲಸ ಕಳೆದುಕೊಂಡ ಚಳಿಗಾಲ, ಸರಿಯಾಗಿ ನಿದ್ದೆಯಿಲ್ಲದ ತಿಂಗಳುಗಳು. ಚರಂಡಿಯನ್ನು ಕೋಳಿ ಎಂದ ಮೂಗಿನವನು ಅಪರಿಚಿತನನ್ನು ಪ್ರಸಾದ್ ಎಂದಿರಬಾರದೇಕೆ? ವರ್ಷ ಕಳೆದಂತೆ ಮೂಲೆಯ ಮೇಜಿನ ಮುಖ ಮಸುಕಾಗುತ್ತಾ ಬಂತು. ಮಾತುಗಳೂ ನನ್ನವೇ ಅನ್ನಿಸತೊಡಗಿದವು.

ಆ ಕೆಲಸ ನನಗೆ ಕಲಿಸಿದ್ದು ಇಷ್ಟು: ವಾಸನೆಯ ದೂರು ಬಂದರೆ ಎಲ್ಲಿ, ಯಾವಾಗ ಎಂದು ಕೇಳುವ ಮೊದಲು, ದೂರುವವರಿಗೆ ಆ ವಾಸನೆ ಗೊತ್ತೇ ಎಂದು ಕೇಳಬೇಕು. ಗೊತ್ತಿದ್ದವರು ಸುಮ್ಮನಿದ್ದರೆ, ಯಾಕೆ ಸುಮ್ಮನಿದ್ದಾರೆ ಎಂದೂ ಯೋಚಿಸಬೇಕು.

ನಂತರ ಶಿಕಾಗೋ ಕಡೆ ಓಕ್ ಬ್ರೂಕ್‌ನಲ್ಲಿ ಕೆಲಸ ಸಿಕ್ಕಿ ಮಿಷಿಗನ್ ಬಿಟ್ಟೆವು. ಪ್ರಸಾದ್ ದಂಪತಿ ಮಗಳಿದ್ದ ಟೆಕ್ಸಾಸ್‌ಗೆ ಹೋದರು. ಬಹಳ ವರ್ಷಗಳ ಮೇಲೆ ಮದುವೆಯೊಂದಕ್ಕೆ ಡೆಟ್ರಾಯ್ಟಿಗೆ ಹೋದಾಗ, ಫಾರ್ಮಿಂಗ್ಟನ್ ಹಿಲ್ಸ್‌ನ ಎಕ್ಸಿಟ್ ಕಂಡದ್ದೇ ಕಾರನ್ನು ಅತ್ತ ತಿರುಗಿಸಿದೆ. ರಾಮೆನ್ ಅಂಗಡಿಯ ಹೊರಗೆ ಅದೇ ಸಾಲು. ಇಶಿದಾರ ಕೂದಲು ಬೆಳ್ಳಗಾಗಿತ್ತು. ನನ್ನ ಗುರುತು ಹತ್ತಲು ಸ್ವಲ್ಪ ಹೊತ್ತು ಹಿಡಿಯಿತು. ಚಹಾ ತಂದಿಟ್ಟರು. ಕೌಂಟರಿನ ಮೇಲೆ ಚಾಪ್‌ಸ್ಟಿಕ್‌ಗಳನ್ನು ನಿಲ್ಲಿಸಿದ್ದ ಪಾತ್ರೆ ಒಂದು ಸ್ಟೀಲ್ ಲೋಟ.

"ಒಬ್ಬ ಶನಿವಾರದ ಗಿರಾಕಿ ಬಿಟ್ಟುಹೋದದ್ದು," ಎಂದರು ಇಶಿದಾ. "ಬಟ್ಟಲಿಗಿಂತ ಇದರಲ್ಲೇ ರುಚಿ ಅನ್ನುತ್ತಿದ್ದರು. ಬಂದರೆ ಕೊಡೋಣ ಎಂದು ಇಟ್ಟಿದ್ದೇನೆ."

ಚಾಪ್‌ಸ್ಟಿಕ್‌ಗಳನ್ನು ತೆಗೆದು ಪಕ್ಕಕ್ಕಿಟ್ಟು, ಲೋಟವನ್ನು ಬೆಳಕಿಗೆ ತಿರುಗಿಸಿ ನೋಡಿದೆ. ಅಂಚಿನ ಕೆಳಗೆ, ನಮ್ಮ ಕಡೆ ಮದುವೆಯ ಪಾತ್ರೆಗಳ ಮೇಲೆ ಹಾಕಿಸುವಂತೆ, ಚುಕ್ಕೆ ಚುಕ್ಕೆಯಾಗಿ ಕನ್ನಡದಲ್ಲಿ ಕೊರೆದಿತ್ತು: ಚಿ. ಸೌ. ಜಯಶ್ರೀ.