ಕಡಲತಳದಲ್ಲಿ ಗುಂಡಿ ತೋಡುವ ವೀಟ್ಸ್ಕೆ

ಬೆಳಕು ಹರಿಯುವ ಹೊತ್ತಿಗೆ ವೀಟ್ಸ್ಕೆ ಹಾವ್‌ಮನ್ ಆಗಲೇ ಸೊಂಟದವರೆಗೆ ನೆಲದೊಳಗಿದ್ದಾರೆ. ವೀರ್‌ಹೋವೆ ಊರಿನ ಸ್ಮಶಾನದಲ್ಲಿ ಗುಂಡಿ ತೋಡುವವರು ಈ ಹೆಂಗಸೊಬ್ಬರೇ. ಮೊದಲು ಮೂಲೆಯಲ್ಲೊಂದು ಸಣ್ಣ ಹೊಂಡ ಮಾಡಿ, ಒಸರುವ ನೀರನ್ನೆಲ್ಲ ಅಲ್ಲಿಗೆ ಹರಿಸಿ, ಬಕೆಟ್‌ನಲ್ಲಿ ಎತ್ತಿ ಚೆಲ್ಲುತ್ತಾರೆ. ಆಮೇಲೆ ಸಲಿಕೆ. ಮಣ್ಣಲ್ಲಿ ಸಿಗುವ ಕಪ್ಪೆಚಿಪ್ಪುಗಳನ್ನು ತೊಳೆದಿಟ್ಟು, ಗುಂಡಿ ಮುಚ್ಚಿದ ಮೇಲೆ ಸಮಾಧಿಯ ಸುತ್ತ ಜೋಡಿಸುತ್ತಾರೆ.

"ಇದು ಸಮುದ್ರದ ಜಾಗ, ನಾವು ಬಾಡಿಗೆಗಿರೋರು. ಪಂಪು ನಿಂತ್ರೆ ಮೀನು ವಾಪಸ್ ಬರ್ತವೆ" ಎಂದು ನನ್ನತ್ತ ನೋಡಿ ನಗುತ್ತಾರೆ.

ಮಾತು ಸುಳ್ಳಲ್ಲ. ಕಡಲಿಗೆ ದಂಡೆ ಕಟ್ಟಿ, ಪಂಪಿನಿಂದ ನೀರನ್ನು ಹೊರಹಾಕಿ ಈ ಊರು ಮಾಡಿದ್ದಾರೆ. ಇಲ್ಲಿ ಜಮೀನು ಕೇಳಿದವರ ಮನೆಗೆ ಸರ್ಕಾರದ ಸಾಹೇಬರು ಬಂದು, ಮನೆ ಚೊಕ್ಕಟವಾಗಿದೆಯೇ ಎಂದು ಕಪಾಟು ತೆರೆದು, ಮಂಚದಡಿ ಬಗ್ಗಿ ನೋಡುತ್ತಿದ್ದರಂತೆ. ಪಾಸಾದವರೆಲ್ಲ ಹರೆಯದವರೇ. ಊರಿಗೆ ಸ್ಮಶಾನ ಬಂತು, ಸಾಯುವವರೇ ಇರಲಿಲ್ಲ. ವರ್ಷಗಟ್ಟಲೆ ಅಲ್ಲಿ ಆಲೂಗಡ್ಡೆ ಬೆಳೆದರು. ಮುಂದೆ ಸತ್ತವರಲ್ಲಿ ಹೆಚ್ಚಿನವರನ್ನೂ 'ಹಳೆ ನೆಲ'ಕ್ಕೆ, ಅಂದರೆ ಹುಟ್ಟಿದೂರಿಗೆ ಒಯ್ಯುವುದೇ ಪದ್ಧತಿಯಾಯಿತು. ಇಲ್ಲಿ ಉಂಡು ಅಲ್ಲಿ ಮಲಗುವ ಈ ಬುದ್ಧಿ ಕಂಡರೆ ನನಗೆ ಸಿಟ್ಟು.

ವೀಟ್ಸ್ಕೆಯ ತಾಯಿ ಹಟ ಹಿಡಿದು ಇಲ್ಲೇ ಮಣ್ಣಾದರು. ತಂದೆ ಸೀಬ್ರೆನ್‌ಗೆ ಈಗ ತೊಂಬತ್ತಮೂರು. ತಮ್ಮನ್ನು ಹುಟ್ಟಿದ ನಾಡು ಫ್ರೀಸ್‌ಲ್ಯಾಂಡಿಗೇ ಒಯ್ಯಬೇಕೆಂದು ಹೇಳುತ್ತಲೇ ಬಂದಿದ್ದಾರೆ.

"ಊರೋರಿಗೆಲ್ಲ ನಾನೇ ತೋಡ್ತೀನಿ. ನಮ್ಮಪ್ಪನ್ನ ಮಾತ್ರ ಬೇರೆಯವ್ರ ಕೈಗೆ ಕೊಡ್ಬೇಕಲ್ಲ ಅಂತ ಸಂಕಟ ಆಗುತ್ತೆ" ಎನ್ನುವಾಗ ಸಲಿಕೆ ನಿಲ್ಲುತ್ತದೆ.

ಅಷ್ಟರಲ್ಲಿ ಕೋಲೂರಿಕೊಂಡು ಸೀಬ್ರೆನ್ ಬರುತ್ತಾರೆ. ಹಿಂದಿನ ಸಾಹೇಬರಂತೆ ಮಗಳ ಕೆಲಸವನ್ನೆಲ್ಲ ತಪಾಸಣೆ ಮಾಡುವುದು ಅವರ ಚಟ. ಇಂದಿನ ಗುಂಡಿ ಅವರ ಗೆಳೆಯ ಡೌವೆಯದು. ಇಬ್ಬರೂ ಒಂದೇ ಊರಿಂದ ಬಂದವರು, ಒಟ್ಟಿಗೇ ಹಿಂದಿರುಗೋಣ ಎಂದುಕೊಂಡವರು. ಕೊನೆಗಾಲದಲ್ಲಿ ಡೌವೆ ಮನಸ್ಸು ಬದಲಿಸಿ ಇಲ್ಲೇ ಮಲಗುವೆನೆಂದರು. ಸೀಬ್ರೆನ್ ಅದನ್ನು ಇನ್ನೂ ಕ್ಷಮಿಸಿಲ್ಲ.

ಅಂಚು ಸೊಟ್ಟಗಿದೆ ಎಂದು ಗೊಣಗಿ, ಅವರು ಹೆಂಡತಿಯ ಸಮಾಧಿಯತ್ತ ನಡೆಯುತ್ತಾರೆ. ಪಕ್ಕದ ಹುಲ್ಲಿನ ಮೇಲೆ ಕೋಲಿನಿಂದ ಗೆರೆ ಎಳೆಯುತ್ತಾರೆ.

"ನಂಗೂ ಇಲ್ಲೇ ತೋಡು. ಅಲ್ಲಿ ನನ್ನ ಗುರುತಿರೋರು ಯಾರಿದಾರೆ? ಜಗಳಕ್ಕಾದ್ರೂ ಜನ ಬೇಡ್ವೇನೇ?"

ವೀಟ್ಸ್ಕೆ ಬಗ್ಗಿ ನೀರು ಎತ್ತಿ ಚೆಲ್ಲುತ್ತಾರೆ, ಹೊಂಡ ಬರಿದಾದ ಮೇಲೂ ಬಕೆಟ್ ಅದ್ದುತ್ತಾರೆ. ಅಪ್ಪ ಗೇಟು ದಾಟಿದ ಮೇಲೆ ನನ್ನತ್ತ ತಿರುಗುತ್ತಾರೆ.

"ಅಪ್ಪ ಇನ್ನೂ ಬಹಳ ವರ್ಷ ಇರ್ಲಿ. ಆದ್ರೆ ಆ ಗುಂಡಿ ತೋಡೋದು ನಾನೇ. ಎದ್ದು ಬಂದು ನೋಡಿದ್ರೂ ಒಂದು ತಪ್ಪು ಸಿಗ್ಬಾರ್ದು."