ಕೆಳಗಿನ ಸ್ವರ

ಹಾಸಿಗೆ ಹೊಲಿಯುವವನ ಮೈಮೇಲೆ ಸದಾ ಒಂದಿಷ್ಟು ಹತ್ತಿ ಇದ್ದೇ ಇರುತ್ತದೆ. ಹುಬ್ಬಿನಲ್ಲಿ, ಕಿವಿಯ ಮಡಿಕೆಯಲ್ಲಿ, ಅಂಗಿಯ ಜೇಬಿನ ಮೂಲೆಯಲ್ಲಿ. ಅಂಗಡಿಯಲ್ಲಿ ಮುದುಕನಂತೆ ಕಾಣುತ್ತಿದ್ದ ಅವನು ಸಂಜೆ ಮುಖ ತೊಳೆದು ಬಂದರೆ ಬೇರೆಯವನೇ ಆಗಿಬಿಡುತ್ತಿದ್ದ. "ದಿನಾ ಸಂಜೆ ನನಗೆ ಹೊಸಾ ಗಂಡ" ಎಂದು ಹೆಂಡತಿ ನಗುತ್ತಿದ್ದಳು.

ಈಚೆಗೆ ಆ ನಗು ಕಡಿಮೆಯಾಗಿತ್ತು. ಕಾರಣ ಕೆಮ್ಮು. ದೊಡ್ಡ ಕೆಮ್ಮೇನಲ್ಲ, ಹತ್ತಿ ಬಿಡಿಸುವ ಯಂತ್ರ ನಿಲ್ಲಿಸಿದ ಮೇಲೆ ಬರುತ್ತಿತ್ತು, ನೀರು ಕುಡಿದರೆ ಹೋಗುತ್ತಿತ್ತು. ಆದರೆ ಅವನ ಅಣ್ಣನಿಗೂ ಹೀಗೇ ಶುರುವಾಗಿತ್ತು. ಅದೇ ಅಂಗಡಿ, ಅದೇ ಯಂತ್ರ, ಅದೇ ದೂಳು. ಕೊನೆಯ ವರ್ಷ ಅಣ್ಣ ಮನೆಯ ಮೆಟ್ಟಿಲಿನ ನಡುವೆ ಕೂತು, "ನೀನು ನಡಿ, ಬಂದೆ" ಎನ್ನುತ್ತಿದ್ದ. ಎಷ್ಟು ಹೊತ್ತಾದರೂ ಬರುತ್ತಿರಲಿಲ್ಲ. ಅಣ್ಣ ತೀರಿಹೋದಾಗ ಅವನಿಗೆಷ್ಟು ವಯಸ್ಸಾಗಿತ್ತೋ ಈಗ ತಮ್ಮನಿಗೂ ಅಷ್ಟೇ.

"ಒಂದ್ಸಲ ಡಾಕ್ಟ್ರಿಗೆ ತೋರಿಸಿ ಅಂದ್ರೆ ಕೇಳಲ್ವಲ್ಲ ನೀವು."

"ತೋರಿಸೋಕೆ ಏನಿದೆ? ಅವರಿಗೇನು ಹಾಸಿಗೆ ಬೇಕಂತಾ?"

ಹೀಗೆ ಮಾತು ಹಾರಿಸುತ್ತಿದ್ದ. ಡಾಕ್ಟರು ಏನು ಹೇಳುತ್ತಾರೋ ಎಂಬ ಭಯ ಗಂಟಲಲ್ಲಿ ಸಿಕ್ಕಿಕೊಂಡ ಹತ್ತಿಯ ಹಾಗೆ, ನುಂಗಲೂ ಆಗದೆ ಉಗುಳಲೂ ಆಗದೆ ಕೂತಿತ್ತು.

ಅಂಗಡಿಯ ಎದುರಿನ ಕಟ್ಟಡದ ಮಹಡಿಯಲ್ಲಿ ಕೊಳಲಿನ ತರಗತಿ ಶುರುವಾದದ್ದು ಅದೇ ದಿನಗಳಲ್ಲಿ. ಸಂಗೀತ ಕಚೇರಿಯ ಕೊಳಲಲ್ಲ; ಹಿಂದೆ ಕುರಿ ಕಾಯುವವರು ಊದುತ್ತಿದ್ದ ಮೊಳದುದ್ದದ ದಪ್ಪ ಬಿದಿರು. ದೊಡ್ಡವರಿಗೆ ಮಾತ್ರ, ಏನೂ ಗೊತ್ತಿಲ್ಲದವರೂ ಬರಬಹುದು ಎಂದು ಬಾಗಿಲಲ್ಲಿ ಬರೆದಿತ್ತು. ದಿಂಬು ಒಯ್ಯಲು ಬಂದ ಬಸ್ ಕಂಡಕ್ಟರ್ ಹೇಳಿದ: "ನಾನೂ ಸೇರಿದೀನಿ. ಏನೂ ಬರ್ಬೇಕಾಗಿಲ್ಲ, ಎದೇಲಿ ಉಸಿರಿದ್ರೆ ಸಾಕಂತೆ."

ಆ ಮಾತು ಅವನನ್ನು ಹಿಡಿಯಿತು. ಎದೆಯಲ್ಲಿ ಉಸಿರಿದೆಯೋ ಇಲ್ಲವೋ ಬಿದಿರೇ ಹೇಳಲಿ. ಸರಿಯಾಗಿ ಊದಿಬಿಟ್ಟರೆ ಡಾಕ್ಟರ ಮುಖ ನೋಡಬೇಕಾಗಿಲ್ಲ. ಯಾರಿಗೂ ಹೇಳದೆ ತನಗೆ ತಾನೇ ಇಟ್ಟುಕೊಂಡ ಪರೀಕ್ಷೆ ಅದು. ಹೆಂಡತಿಗೆ ಮಾತ್ರ, "ಸುಮ್ನೆ, ಹೊತ್ತು ಹೋಗ್ಲಿ ಅಂತ" ಎಂದ. ಅವಳು, "ಹೋಗಿ ಬನ್ನಿ" ಎಂದಳು.

ಕಲಿಸುವವಳು ಅವನ ಮಗಳಿಗಿಂತ ಚಿಕ್ಕವಳು. ಹಗಲು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ, ಸಂಜೆ ಕೊಳಲು. ಇವನು ಅವಳನ್ನು ಮೇಷ್ಟ್ರಮ್ಮ ಎಂದು ಕರೆದದ್ದೇ ತಡ, ತರಗತಿಗೆಲ್ಲ ಅವಳು ಮೇಷ್ಟ್ರಮ್ಮ ಆದಳು. ಇವನು ಹಾಸಿಗೆ ಅಂಕಲ್ ಆದ.

ಮೇಲಿನ ಸ್ವರಗಳು ಒಂದೊಂದಾಗಿ ಒಲಿದವು. ಮೊದಮೊದಲು ಒದ್ದೆ ಸೌದೆಯ ಒಲೆ ಊದಿದ ಹಾಗೆ ಬರೀ ಗಾಳಿ. ಆಮೇಲೊಂದು ದಿನ ತುಟಿಯ ಕೋನ ಎಲ್ಲೋ ಸರಿಹೋಗಿ, ನಾದ ಬಂತು. ಬಂದ ನಾದಕ್ಕೆ ತಾನೇ ಬೆಚ್ಚಿ ಕೊಳಲು ಕೆಳಗಿಟ್ಟಿದ್ದ. ಆದರೆ ಎಲ್ಲ ತೂತುಗಳನ್ನೂ ಮುಚ್ಚಿ ಊದಬೇಕಾದ ತೀರಾ ಕೆಳಗಿನ ಸ್ವರ ಮಾತ್ರ ಬರಲೊಲ್ಲದು. ಆ ಕೊಳಲಿನ ಪ್ರತಿ ಹಾಡೂ ಕೊನೆಗೆ ಆ ಸ್ವರಕ್ಕೇ ಬಂದು ನಿಲ್ಲಬೇಕು. ಎಲ್ಲರ ಕೊಳಲೂ ಅಲ್ಲಿಗೆ ಇಳಿದು ನಿಂತಾಗ ಇವನ ಕೊಳಲು 'ಸುಸ್' ಎನ್ನುತ್ತಿತ್ತು. ಜೋರಾಗಿ ಊದಿದರೆ ಕಿರುಚುತ್ತಿತ್ತು.

"ಅಂಕಲ್ ಬಾಗಿಲ ತನಕ ಬರ್ತಾರೆ, ಒಳಗೆ ಮಾತ್ರ ಬರಲ್ಲ" ಎಂದು ಕಂಡಕ್ಟರ್ ಕಾಲೆಳೆದ. "ಟಿಕೆಟ್ ತಗೊಂಡಿದೀರಿ ತಾನೇ?"

ಅವನೂ ನಕ್ಕ. ಆದರೆ ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಎದೆ ತುಂಬ ಉಸಿರೆಳೆದು ನೋಡಿದ.

ಆಮೇಲೆ ಅಂಗಡಿಯ ಹಿಂದಿನ ಕೋಣೆಯೇ ಅವನ ಅಭ್ಯಾಸದ ಜಾಗವಾಯಿತು. ಸುತ್ತ ಸೂರಿನ ತನಕ ಪೇರಿಸಿದ ಹಾಸಿಗೆಗಳು. ಎಷ್ಟು ಊದಿದರೂ ಸದ್ದು ರಸ್ತೆಗೆ ಕೇಳದು ಎಂದುಕೊಂಡಿದ್ದ. ಒಂದು ದಿನ ಬುತ್ತಿ ತಂದ ಹೆಂಡತಿ ಬಾಗಿಲಲ್ಲೇ ನಿಂತು, "ಒಳಗ್ಯಾರು ಕುಕ್ಕರ್ ಇಟ್ಟಿರೋದು?" ಎಂದಳು. ಅವನು ಊದಿ ಊದಿ ಕಣ್ಣು ಕತ್ತಲಿಟ್ಟು, ಕೆಮ್ಮು ಹತ್ತಿ, ಹತ್ತಿಯ ಮೂಟೆಗೆ ಒರಗಿದ್ದ. ಅವಳು ನಗು ನಿಲ್ಲಿಸಿ ಬೆನ್ನು ನೀವಿದಳು. ಏನೂ ಕೇಳಲಿಲ್ಲ. ಅವಳು ಕೇಳದೇ ಇದ್ದದ್ದೇ ಅವನಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ಮಾರನೆಯ ಸಂಜೆ ಕೊಳಲನ್ನು ಬಟ್ಟೆಯಲ್ಲಿ ಸುತ್ತಿ ತಂದು ಮೇಷ್ಟ್ರಮ್ಮನ ಮುಂದಿಟ್ಟ.

"ಇದು ನಿಮ್ಮ ಹತ್ರಾನೇ ಇರ್ಲಿ. ನನ್ನಿಂದ ಆಗಲ್ಲ."

"ಯಾಕೆ ಅಂಕಲ್? ಬಾಕಿ ಎಲ್ಲಾ ಚೆನ್ನಾಗೇ ಬರ್ತಿದೆಯಲ್ಲ."

"ಕೆಳಗಿಂದು ಬರ್ತಿಲ್ಲ. ಎದೇಲಿ ಗಾಳಿ ಉಳಿದಿಲ್ಲ ಮೇಷ್ಟ್ರಮ್ಮ. ನಮ್ಮಣ್ಣಂಗೂ ಹೀಗೇ ಆಗಿತ್ತು." ತಮಾಷೆಯಾಗಿ ಹೇಳಲು ಹೊರಟಿದ್ದ, ದನಿ ಕೈಕೊಟ್ಟಿತು.

ಕಂಡಕ್ಟರ್ ತನ್ನ ಕೊಳಲು ಕೆಳಗಿಟ್ಟ. ಮೇಷ್ಟ್ರಮ್ಮ ಬಟ್ಟೆ ಬಿಚ್ಚಿ ಕೊಳಲನ್ನು ಮತ್ತೆ ಅವನ ಕೈಗೇ ಕೊಟ್ಟು, ಪಕ್ಕದಲ್ಲಿ ನೆಲದ ಮೇಲೆ ಕೂತಳು. "ಒಂದ್ಸಲ ಊದಿ. ಜೋರಾಗಿ ಬೇಡ. ಮೆಲ್ಲಗೆ."

ಊದಿದ. ಸುಸ್. ಅವಳು ಅಂಗೈಯನ್ನು ಕೊಳಲಿನ ಉದ್ದಕ್ಕೂ ತಾಗಿಸದೆ ಸರಿಸುತ್ತ ಹೋದಳು, ಕಿಟಕಿಯ ಸಂದಿಯಿಂದ ಗಾಳಿ ಎಲ್ಲಿ ನುಗ್ಗುತ್ತಿದೆ ಎಂದು ಹುಡುಕುವವರ ಹಾಗೆ. ಕೊನೆಯ ತೂತಿನ ಬಳಿ ಕೈ ನಿಂತಿತು.

"ಈ ಉಂಗುರದ ಬೆರಳು ತೆಗೀರಿ."

ತೆಗೆದ. ಅಲ್ಲಿ ತನ್ನ ಬೆರಳನ್ನಿಟ್ಟಳು. "ಈಗ ಊದಿ."

ಊದಿದ. ಕೊಟ್ಟಿಗೆಯ ಕತ್ತಲಲ್ಲಿ ಯಾವುದೋ ದೊಡ್ಡ ಪ್ರಾಣಿ ನಿದ್ದೆಯಲ್ಲಿ ಉಸಿರೆಳೆದಂತೆ, ಮಂದ್ರವಾಗಿ, ದುಂಡಗೆ, ನಾದ ಹೊರಟಿತು. ಕಿಟಕಿಯ ಗಾಜು ಸಣ್ಣಗೆ ನಡುಗಿತು. ನಿಲ್ಲಿಸಿದರೆ ಮತ್ತೆ ಬರುವುದೋ ಇಲ್ಲವೋ ಎಂದು ಅವನು ನಿಲ್ಲಿಸಲೇ ಇಲ್ಲ. ನಾದ ಹೋಗುತ್ತಲೇ ಇತ್ತು.

"ಸಾಕು ಅಂಕಲ್, ಉಸಿರು ತಗೊಳ್ಳಿ! ನೋಡ್ತಿರೋ ನನಗೇ ಉಸಿರು ಕಟ್ತಿದೆ" ಎಂದು ಕಂಡಕ್ಟರ್ ಕೂಗಿದ.

ಮೇಷ್ಟ್ರಮ್ಮ ಅವನ ಉಂಗುರದ ಬೆರಳನ್ನು ದೀಪಕ್ಕೆ ಹಿಡಿದಳು. ಹಾಸಿಗೆ ಹೊಲಿದು ಪ್ರತಿ ಗಂಟು ಬಿಗಿಯುವಾಗಲೂ ಅವನು ಹುರಿಯನ್ನು ಆ ಬೆರಳ ತುದಿಗೆ ಸುತ್ತಿ ಎಳೆಯುತ್ತಿದ್ದ. ವರ್ಷಗಟ್ಟಲೆ ಎಳೆದೆಳೆದು ಅಲ್ಲೊಂದು ಗಟ್ಟಿ ಗೀರು ಬಿದ್ದಿತ್ತು, ಬಾವಿಯ ಹಗ್ಗ ಕಲ್ಲಿನಲ್ಲಿ ಮಾಡುವಂಥದು. ಚರ್ಮ ಜಡ್ಡುಗಟ್ಟಿದ್ದರಿಂದ ತೂತಿನ ಅಂಚು ಅವನಿಗೆ ತಿಳಿಯುತ್ತಲೇ ಇರಲಿಲ್ಲ. ಮುಚ್ಚಿದೆ ಎಂದುಕೊಂಡೇ ಊದುತ್ತಿದ್ದ. ಗಾಳಿ ಗೀರಿನಿಂದ ನುಸುಳಿ ಹೋಗುತ್ತಿತ್ತು.

"ಕಳ್ಳ ಇಲ್ಲಿದಾನೆ, ನೀವು ಎದೇನ ಬೈತಾ ಇದೀರಿ" ಎಂದಳು. "ಬೆರಳ ತುದಿ ಬಿಡಿ. ಬೆರಳು ಚಾಚಿ, ಮಧ್ಯದ ಗೆಣ್ಣಿನ ಮೆತ್ತಗಿರೋ ಜಾಗದಿಂದ ಮುಚ್ಚಿ."

ಮುಚ್ಚಿದ. ಮೊದಲ ಸಲ ತಡವರಿಸಿತು, ಎರಡನೆಯ ಸಲ ಬಂತು. ಅವನು ನಗುತ್ತಿದ್ದನೋ ಅಳುತ್ತಿದ್ದನೋ ಗೊತ್ತಾಗದೆ ಕಂಡಕ್ಟರ್ ಸುಮ್ಮನೆ ಭುಜ ತಟ್ಟಿದ.

"ಆದ್ರೆ ಕೊಳಲು ಡಾಕ್ಟ್ರಲ್ಲ ಅಂಕಲ್" ಎಂದಳು ಮೇಷ್ಟ್ರಮ್ಮ, ಮೆಲ್ಲಗೆ. "ನಾಳೆ ಹೋಗಿ ಬನ್ನಿ."

ನಿನ್ನೆ ಯಾರಾದರೂ ಇದೇ ಮಾತು ಹೇಳಿದ್ದರೆ ಸಿಡುಕುತ್ತಿದ್ದ. ಇವತ್ತು, "ಹೂಂ" ಎಂದ.

ಬೆಳಿಗ್ಗೆ ಆಸ್ಪತ್ರೆಗೆ ಹೆಂಡತಿಯೂ ಜೊತೆಗೆ ಬಂದಳು. ಡಾಕ್ಟರು ಎದೆಗೆ ಬೆನ್ನಿಗೆ ಕೊಳವೆ ಇಟ್ಟು ಕೇಳಿ, ಎಕ್ಸ್‌ರೇ ಫೋಟೋ ತೆಗೆಸಿ, ಕೊನೆಗೆ ಒಂದು ಯಂತ್ರದ ನಳಿಕೆ ಕೊಟ್ಟು, "ಆದಷ್ಟೂ ಊದಿ" ಎಂದರು. ಊದಿದ. ಡಾಕ್ಟರು ಪರದೆ ನೋಡಿ, ಅವನ ಮುಖ ನೋಡಿ, "ಏನ್ರೀ ಕೆಲಸ ನಿಮ್ಮದು?" ಎಂದರು. ಹೇಳಿದ. "ಶ್ವಾಸಕೋಶ ಚೆನ್ನಾಗಿದೆ. ದೂಳಿಗೆ ಗಂಟಲು ಕೆರಳಿದೆ, ಅಷ್ಟೆ. ಹೀಗೇ ಬಿಟ್ರೆ ಮುಂದೆ ಕಷ್ಟ ಆಗ್ಬಹುದು, ಆದ್ರೆ ಈಗಿನ್ನೂ ಆಗಿಲ್ಲ."

ಹೊರಗೆ ಬೆಂಚಿನ ತುದಿಯಲ್ಲಿ ಕೂತಿದ್ದ ಹೆಂಡತಿ ಅವನನ್ನು ಕಂಡೊಡನೆ ಎದ್ದಳು.

"ಏನಂದ್ರು?"

"ಯಂತ್ರ ಓಡೋವಾಗ ಮೂಗಿಗೆ ಮಾಸ್ಕ್ ಹಾಕ್ಕೋ ಅಂದ್ರು."

"ಮತ್ತೆ?"

"ಹಿಂದಿನ ಗೋಡೆಗೆ ಒಂದು ಫ್ಯಾನ್ ಹಾಕ್ಸು ಅಂದ್ರು."

"ಅಯ್ಯೋ, ಅದಲ್ಲ ರೀ. ಮತ್ತೆ?"

"ಮತ್ತೇನೂ ಇಲ್ಲ ಕಣೇ. ಎದೆ ಚೆನ್ನಾಗಿದೆ. ಏನೂ ಆಗಿಲ್ಲ."

ಅವಳು ಎದ್ದಲ್ಲೇ ಮತ್ತೆ ಕೂತುಬಿಟ್ಟಳು. ಸೆರಗಿನ ತುದಿ ಬಾಯಿಗಿಟ್ಟುಕೊಂಡಳು. ಅವನು ಪಕ್ಕದಲ್ಲಿ ಕೂತ. ಗಾಡಿಯಲ್ಲಿ ರೋಗಿಯೊಬ್ಬನನ್ನು ತಳ್ಳಿಕೊಂಡು ಹೋದವರಿಗೆ ಇಬ್ಬರೂ ಕಾಲು ಹಿಂದಕ್ಕೆಳೆದುಕೊಂಡು ದಾರಿ ಬಿಟ್ಟರು.

"ರೀ."

"ಏನು?"

"ನಂಗೆ ತುಂಬಾ ಹಸಿವಾಗ್ತಿದೆ."

"ಬೆಳಿಗ್ಗೆ ತಿಂದ್ಯಲ್ಲ?"

"ಎಲ್ಲಿ ತಿಂದೆ? ನಿಮ್ಮೆದುರಿಗೆ ತಟ್ಟೆ ಇಟ್ಕೊಂಡಿದ್ದೆ ಅಷ್ಟೆ."

ಅವನು ಎದ್ದು ಕೈ ನೀಡಿದ. ಅವಳು ಹಿಡಿದುಕೊಂಡು ಎದ್ದಳು. ಕ್ಯಾಂಟೀನು ಯಾವ ಕಡೆ ಎಂದು ಎದುರಿಗೆ ಬಂದ ಆಯಾಳನ್ನು ಕೇಳಿಕೊಂಡು ಇಬ್ಬರೂ ಆ ಕಡೆಗೆ ನಡೆದರು.