ಅಳತೆಯಕ್ಕ ಡಿಸ್ಕು ಬಿಚ್ಚಿದ ದಿನ

ಅಂಗಡಿಯಲ್ಲಿ ಸಿಗುವ ಜೋಡು ಎಲ್ಲರ ಕಾಲಿಗೂ ಒಗ್ಗುವುದಿಲ್ಲ. ಕೆಲವರ ಹಿಮ್ಮಡಿ ಒಳಕ್ಕೆ ವಾಲಿರುತ್ತದೆ, ಕೆಲವರ ಒಂದು ಕಾಲೇ ಗಿಡ್ಡ. ಅಂಥವರೆಲ್ಲ ನಮ್ಮ ಬೀದಿಯ ತಿರುವಿನ ಜೋಡಿನ ಕಾರ್ಖಾನೆಗೆ ಬಂದು ಹಿಂದಿನ ಕೋಣೆಯಲ್ಲಿ ಅಳತೆಯಕ್ಕನ ಮುಂದೆ ನಿಲ್ಲುತ್ತಾರೆ. ನಿಲ್ಲಲೇಬೇಕು. ಕೂತವರ ಕಾಲನ್ನು ಅವಳು ಅಳೆಯುವುದಿಲ್ಲ. “ಕೂತಾಗ ಎಲ್ಲರ ಕಾಲೂ ಸಾಧು. ಭಾರ ಬಿದ್ದಾಗ ತಾನೆ ಅದರ ಬುದ್ಧಿ ಗೊತ್ತಾಗೋದು” ಎನ್ನುತ್ತಾಳೆ.

ಚಿಕ್ಕಂದಿನಲ್ಲಿ ಅವಳು ನನ್ನ ತರಗತಿಯಲ್ಲಿ ಕಲಿತವಳು. ಉತ್ತರ ತಪ್ಪು ಎಂದರೆ ಸುಮ್ಮನೆ ಕೂರುವ ಹುಡುಗಿಯಲ್ಲ. “ಎಲ್ಲಿ ತಪ್ಪು ಮೇಷ್ಟ್ರೇ, ತೋರ್ಸಿ” ಎಂದು ಪುಸ್ತಕವನ್ನು ನನ್ನ ಮೂಗಿನವರೆಗೂ ತರುತ್ತಿದ್ದಳು. ತೋರಿಸಿದರೆ ತಾನೇ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು. ಅವಳ ಕೂದಲು ನರೆತಿದೆ. ಆ ಸ್ವಭಾವಕ್ಕೆ ಮಾತ್ರ ವಯಸ್ಸಾಗಿಲ್ಲ. ಈಗ ನನ್ನ ಮಂಡಿನೋವಿಗೆ ಹೊಂದುವ ಜೋಡನ್ನು ಮಾಡಿಕೊಡುವವಳೂ ಅವಳೇ.

ಅವಳ ಕೆಲಸವೆಲ್ಲ ಒಂದು ಹಳೆಯ ಲ್ಯಾಪ್‌ಟಾಪನ್ನು ನಂಬಿಕೊಂಡಿತ್ತು. ಪಾದದ ಅಳತೆಗಳನ್ನು ತುಂಬಿದರೆ ಅದರೊಳಗಿನ ಒಂದು ಪ್ರೋಗ್ರಾಂ ಜೋಡಿನ ತಳದ ಅಟ್ಟೆ ಹೇಗಿರಬೇಕು, ಚರ್ಮವನ್ನು ಎಲ್ಲಿ ಕತ್ತರಿಸಬೇಕು ಎಂದು ಗೆರೆ ಹಾಕಿ ಕೊಡುತ್ತಿತ್ತು. ಆ ಪ್ರೋಗ್ರಾಂ ಮಾಡಿದ ಕಂಪನಿ ಎಂದೋ ಬಾಗಿಲು ಹಾಕಿಕೊಂಡಿದೆ. ಇನ್ನೊಮ್ಮೆ ಬೇಕೆಂದರೆ ಎಲ್ಲಿಯೂ ಸಿಗದು. ಇದನ್ನು ಚೆನ್ನಾಗಿ ಬಲ್ಲ ಕಾರ್ಖಾನೆಯ ಯಜಮಾನರು ಆಗಾಗ ನಗುನಗುತ್ತಲೇ ಹೇಳುತ್ತಿದ್ದರು:

“ನೋಡಮ್ಮ, ಆ ಲ್ಯಾಪ್‌ಟಾಪ್ ಇರೋ ತನಕ ನಿನ್ನ ಅಳತೆ ಕೆಲಸ. ಅದು ಕಣ್ಮುಚ್ಚಿದ ದಿನ ಆ ಕೋಣೆ ರೆಡಿಮೇಡ್ ಶೂ ಪೆಟ್ಟಿಗೆಗಳಿಗೆ ಗೋಡೌನು.”

ಹೀಗಿರುವಾಗ ಲ್ಯಾಪ್‌ಟಾಪಿನ ಹೊಟ್ಟೆಯಿಂದ ಕಟಕಟ ಸದ್ದು ಶುರುವಾಯಿತು. ಬಸ್ಸು ಓಡಿಸುವ ಅವಳ ಗಂಡ ಕಿವಿಗೊಟ್ಟು ಕೇಳಿ, “ಇದಕ್ಕೆ ದಮ್ಮು ಹತ್ತಿದೆ ಕಣೇ, ಹಬೆ ಕೊಡು” ಎಂದನಂತೆ. ಯಜಮಾನರು ಒಂದು ದಿನ ಬಂದು ಅಳತೆಯ ಕೋಣೆಯ ಗೋಡೆಗೆ ಎಷ್ಟು ಶೆಲ್ಫು ಹೊಡೆಸಬಹುದೆಂದು ಕಣ್ಣಲ್ಲೇ ಲೆಕ್ಕ ಹಾಕಿ ಹೋದರು. ಅದನ್ನು ಕಂಡು ಅವಳ ಪಿತ್ತ ನೆತ್ತಿಗೇರಿತು.

ಆ ಭಾನುವಾರ ಅವಳು ಲ್ಯಾಪ್‌ಟಾಪನ್ನು ಕಂಕುಳಲ್ಲಿಟ್ಟುಕೊಂಡು ಅಕ್ಕನ ಮಗಳ ಮನೆಗೆ ಹೋದಳು. ಆಕೆ ಕಾಲೇಜೊಂದರಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವವಳು.

“ನಾನೇನು ದಡ್ಡಿಯಲ್ಲ ಕಣೇ. ಬ್ಯಾಕಪ್ ಇಟ್ಟಿದ್ದೀನಿ. ಎಲ್ಲ ಡಿ ಡ್ರೈವಲ್ಲಿದೆ.”

“ಅಯ್ಯೋ ಚಿಕ್ಕಮ್ಮ! ಸಿ, ಡಿ ಎರಡೂ ಒಂದೇ ಡಿಸ್ಕಿನೊಳಗಿನ ಭಾಗ. ಒಂದೇ ಮನೇಲಿ ಗೋಡೆ ಎಬ್ಬಿಸಿ ಎರಡು ರೂಮು ಮಾಡಿದ ಹಾಗೆ. ಮನೆ ಬಿದ್ರೆ ಯಾವ ರೂಮಲ್ಲಿದ್ರೇನು?”

“ಹಂಗಾದ್ರೆ ಫೈಲೆಲ್ಲ ಪೆನ್‌ಡ್ರೈವಿಗೆ ಹಾಕ್ಕೊಡು.”

“ಫೈಲು ಬರುತ್ತೆ, ಪ್ರೋಗ್ರಾಂ ಬರಲ್ಲ. ನಿಮಗೆ ಬೇಕಾಗಿರೋದು ಇಡೀ ಡಿಸ್ಕಿನ ನಕಲು. ವಿಂಡೋಸು, ಪ್ರೋಗ್ರಾಂ, ಸೆಟ್ಟಿಂಗು, ಎಲ್ಲ ಇದ್ದದ್ದು ಇದ್ದ ಹಾಗೆ. ಅದನ್ನ ಹೊರಗಿನ ಡಿಸ್ಕಲ್ಲಿ ಇಟ್ಕೋಬೇಕು. ಆಮೇಲೆ ಹೊಸ ಡಿಸ್ಕು ಹಾಕಿ ಅದರ ಮೇಲೆ ಇಳಿಸಿದರೆ, ಲ್ಯಾಪ್‌ಟಾಪಿಗೆ ತನ್ನ ಡಿಸ್ಕು ಬದಲಾಗಿದೆ ಅಂತಲೂ ಗೊತ್ತಾಗಲ್ಲ.”

ಇಬ್ಬರೂ ಕೂತು ಪೂರ್ತಿ ನಕಲು ತೆಗೆದರು. ಲ್ಯಾಪ್‌ಟಾಪ್ ತಾನಾಗಿ ಏಳದಿದ್ದರೆ ಎಬ್ಬಿಸುವುದಕ್ಕೆಂದು ಒಂದು ಪೆನ್‌ಡ್ರೈವನ್ನೂ ತಯಾರು ಮಾಡಿದರು. ಬೇರೆಯವರಾಗಿದ್ದರೆ ಇಷ್ಟಕ್ಕೆ ನೆಮ್ಮದಿಯಾಗಿ ಮಲಗುತ್ತಿದ್ದರು. ಆದರೆ ಇವಳು ಒಳ್ಳೆಯ ಚರ್ಮಕ್ಕೆ ಕತ್ತರಿ ಹಾಕುವ ಮೊದಲು ಚೂರುಪಾರು ಚರ್ಮದಲ್ಲಿ ಒಂದು ಕಚ್ಚಾ ಜೋಡು ಹೊಲಿದು, ಗಿರಾಕಿಯ ಕಾಲಿಗೆ ಹಾಕಿ, ಅಂಗಳದಲ್ಲಿ ನಡೆಸಿ ನೋಡುವವಳು. ನಡೆಸಿ ನೋಡದ ಕೆಲಸವನ್ನು ಕೆಲಸವೆಂದು ಒಪ್ಪುವವಳಲ್ಲ.

“ಹಳೇ ಡಿಸ್ಕು ಸಾಯೋ ತನಕ ಯಾಕೆ ಕಾಯ್ಲಿ? ಈಗಲೇ ಬಿಚ್ಚಿ, ಹೊಸದಕ್ಕೆ ಇಳಿಸಿ ನೋಡ್ತೀನಿ” ಎಂದು ಅಲ್ಲಿಂದ ಎದ್ದಳು.

ಮಾರನೆಯ ದಿನ ನಾನು ಜೋಡಿಗೆ ಹೊಲಿಗೆ ಹಾಕಿಸಲು ಹೋದಾಗ ಅವಳು ಲ್ಯಾಪ್‌ಟಾಪನ್ನು ಬೆನ್ನು ಮೇಲಾಗಿ ಮಲಗಿಸಿ ಸ್ಕ್ರೂ ಬಿಚ್ಚುತ್ತಿದ್ದಳು. ಹೊಲಿಗೆಯವರು, ಅಂಟು ಹಚ್ಚುವವರು, ಎಲ್ಲ ಕೆಲಸ ಬಿಟ್ಟು ಸುತ್ತ ನಿಂತಿದ್ದರು. ಸುದ್ದಿ ಕೇಳಿ ಯಜಮಾನರೂ ಓಡಿ ಬಂದರು.

“ಏನಮ್ಮ ಇದು, ನಡೀತಿರೋದನ್ನ ಬಿಚ್ತೀಯಲ್ಲ! ನಾನು ಬೇಡ ಅಂತಿದೀನಿ. ಕೆಟ್ರೆ ನಾಳೆನೇ ಇಲ್ಲಿ ಪೆಟ್ಟಿಗೆ ಇಳಿಸ್ತೀನಿ.”

“ಬಿಚ್ಚದಿದ್ರೂ ಇಳಿಸೋರೇ ತಾನೆ ನೀವು? ಸ್ವಲ್ಪ ಬೆಳಕು ಬಿಡಿ, ಸ್ಕ್ರೂ ಕಾಣ್ತಿಲ್ಲ.”

ಹಳೆಯ ಡಿಸ್ಕನ್ನು ತೆಗೆದು ಬಟ್ಟೆಯಲ್ಲಿ ಸುತ್ತಿಟ್ಟಳು. ಹೊಸದನ್ನು ಕೂರಿಸಿ, ಪೆನ್‌ಡ್ರೈವಿನಿಂದ ಲ್ಯಾಪ್‌ಟಾಪನ್ನು ಎಬ್ಬಿಸಿ, ಹೊರಗಿನ ಡಿಸ್ಕಿನಲ್ಲಿದ್ದ ನಕಲನ್ನು ಇಳಿಸು ಎಂದು ಒತ್ತಿದಳು. ಪರದೆಯ ಮೇಲೆ ಕೆಂಪಕ್ಷರ ಮೂಡಿತು. ಆಗುವುದಿಲ್ಲವಂತೆ. ಮತ್ತೆ ಒತ್ತಿದಳು. ಮತ್ತೆ ಅದೇ.

ಯಜಮಾನರು ನನ್ನ ಕಡೆ ತಿರುಗಿ, “ನೋಡಿದ್ರಾ ಮೇಷ್ಟ್ರೇ ನಿಮ್ಮ ಶಿಷ್ಯೆ ಪ್ರತಾಪ?” ಎಂದರು. ಯಾರೋ ಕಿಸಕ್ಕೆಂದರು.

ಅವಳು ಅಕ್ಕನ ಮಗಳಿಗೆ ಫೋನು ಹಚ್ಚಿ, ಮುಚ್ಚುಮರೆಯಿಲ್ಲದೆ ಎಲ್ಲರಿಗೂ ಕೇಳುವಂತೆ ಇಟ್ಟಳು.

“ಹೊಸ ಡಿಸ್ಕು ಎಷ್ಟು ದೊಡ್ಡದು ಚಿಕ್ಕಮ್ಮ?”

“ಹಳೇದರ ಅರ್ಧ. ಅದರಲ್ಲಿ ಕಾಲು ಭಾಗನೂ ತುಂಬಿರಲಿಲ್ಲ. ಇಷ್ಟು ಸಾಕು ಅಂತ ತಂದೆ.”

ಆ ಕಡೆಯಿಂದ ನಗು. “ತುಂಬಿದ್ದನ್ನ ಅಳೆದ್ರಾ? ನಾವು ತೆಗೆದಿರೋದು ಇಡೀ ಡಿಸ್ಕಿನ ನಕಲು. ಅದು ಇಳಿಯೋಕೆ ಹಳೇದರಷ್ಟೇ ದೊಡ್ಡದು ಬೇಕು. ಊರ ಕಾಲೆಲ್ಲ ಅಳೆಯೋರು ಡಿಸ್ಕಿನ ಅಳತೆ ತಪ್ಪಿದ್ರಲ್ಲ!”

ಅಳತೆಯಕ್ಕ ಆ ಸಣ್ಣ ಡಿಸ್ಕನ್ನು ಹೊರಗೆಳೆದು ಅಂಗೈ ಮೇಲಿಟ್ಟು ನೋಡಿದಳು. ಆಮೇಲೆ, ಶಾಲೆಯಲ್ಲಿ ನಗುತ್ತಿದ್ದಳಲ್ಲ, ಹಾಗೇ ನಕ್ಕಳು. “ಕೂತೋರ ಕಾಲು ಅಳೆದುಬಿಟ್ಟೆ ಕಣೇ!” ಎಂದಳು.

“ಸಾಕು, ಹಳೇದನ್ನ ಹಾಕಿ ಸುಮ್ನಿರು” ಎಂದರು ಯಜಮಾನರು.

“ಹಾಕಲ್ಲ. ಕಚ್ಚಾ ಜೋಡು ಬಿಗಿಯಾಯ್ತು ಅಂತ ಯಾರಾದ್ರೂ ಬರಿಗಾಲಲ್ಲಿ ಮನೆಗೆ ಹೋಗ್ತಾರಾ?”

ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟಳು. ಸಣ್ಣ ಡಿಸ್ಕನ್ನು ಹಿಂದಿರುಗಿಸಿ, ಹಳೆಯದರಷ್ಟೇ ದೊಡ್ಡದನ್ನು ತಂದು ಕೂರಿಸಿದಳು. ಈ ಸಲ ಕೆಂಪಕ್ಷರ ಬರಲಿಲ್ಲ. ಹಸಿರು ಗೆರೆಯೊಂದು ಆಮೆಯಂತೆ ತೆವಳತೊಡಗಿತು. ಜನ ಬೇಸತ್ತು ಒಬ್ಬೊಬ್ಬರಾಗಿ ಚದುರಿದರು. ನಾನು ಕೂತೇ ಇದ್ದೆ. ಅವಳು ಪರದೆಯನ್ನು ನೋಡದೆ ಪಕ್ಕದಲ್ಲಿ ಅಟ್ಟೆ ಉಜ್ಜುತ್ತಿದ್ದಳು; ಆದರೆ ಒಂದೇ ಅಂಚನ್ನು ಮತ್ತೆ ಮತ್ತೆ ಉಜ್ಜುತ್ತಿದ್ದಳು.

ಸಂಜೆಯ ಹೊತ್ತಿಗೆ ಲ್ಯಾಪ್‌ಟಾಪ್ ಆರಿ, ತಾನಾಗಿಯೇ ಎದ್ದಿತು. ಕಟಕಟ ಸದ್ದಿಲ್ಲ. ಪ್ರೋಗ್ರಾಂ ತೆರೆದಳು. ನನ್ನ ಎರಡು ಪಾದಗಳೂ, ಬಲಗಾಲಿನ ವಕ್ರಬುದ್ಧಿಯ ಸಮೇತ, ಗೆರೆಗೆರೆಯಾಗಿ ಮೂಡಿದವು. ಅವಳು ಅಟ್ಟೆಯ ಗೆರೆಯನ್ನು ಮುದ್ರಿಸಿ, ಹಳೆಯ ಅಟ್ಟೆಯ ಮೇಲಿಟ್ಟು ನೋಡಿದಳು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಯಜಮಾನರು ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದರು. “ಸರಿ, ಇವತ್ತು ಬದುಕ್ತು. ಇನ್ನೊಂದು ದಿನ ಇದೂ ಹೋಗುತ್ತೆ” ಎಂದರು.

“ಹೋಗ್ಲಿ. ಪ್ರತಿ ತಿಂಗಳೂ ನಕಲು ತೆಗೀತೀನಿ, ಮತ್ತೆ ಇಳಿಸ್ತೀನಿ. ಕೋಣೆ ಮುಚ್ಚಬೇಕು ಅಂತಿದ್ರೆ ಮುಚ್ಚಿ ಯಜಮಾನ್ರೇ, ಕಾರ್ಖಾನೆ ನಿಮ್ದು. ಆದ್ರೆ ತಪ್ಪನ್ನ ಲ್ಯಾಪ್‌ಟಾಪಿನ ತಲೆಗೆ ಕಟ್ಟಬೇಡಿ. ನಾನು ಮುಚ್ತಿದೀನಿ ಅಂತ ನಿಮ್ಮ ಬಾಯಲ್ಲೇ ಹೇಳಿ. ಹೊರಗೆ ಬೆಂಚಿನ ಮೇಲೆ ಕೂತಿದ್ದಾರಲ್ಲ, ಅವರ ಮುಂದೆ ಹೇಳಿ.”

ಹೊರಗೆ ಒಬ್ಬ ಹೆಂಗಸು, ಒಂದು ಕಾಲಿನ ಕೆಳಗೆ ಮರದ ತುಂಡು ಕಟ್ಟಿಕೊಂಡು, ಬಹಳ ಹೊತ್ತಿನಿಂದ ಕಾದಿದ್ದಳು. ಯಜಮಾನರು ಅವಳ ಮುಖ ನೋಡಿದರು, ಆ ತುಂಡನ್ನು ನೋಡಿದರು. ಬಾಗಿಲಿನಿಂದ ಪಕ್ಕಕ್ಕೆ ಸರಿದರು.

“ಒಳಗೆ ಹೋಗಮ್ಮ” ಎಂದರು. “ಅಳತೆ ತಗೋತಾಳೆ.”